ಪ್ಲಗ್ಗಿನ ಮೂರನೇ ಪಿನ್ನು

ಸಿಂಗಟಗೆರೆಯ ಆ ಮನೆಯ ಅಟ್ಟದಿಂದ ಮೊದಲು ಇಳಿದದ್ದು ಧೂಳು, ಆಮೇಲೆ ಒಂದು ಇಲಿಗೂಡು, ಕೊನೆಗೆ ಹಳೆಯ ವಾಲ್ವ್ ಆಂಪ್ಲಿಫೈಯರ್. ಒಂದು ಕಾಲದಲ್ಲಿ ಮದುವೆ, ಜಾತ್ರೆ, ಚುನಾವಣೆ ಎಂದರೆ ಈ ಪೆಟ್ಟಿಗೆ ಎತ್ತಿನ ಗಾಡಿ ಏರುತ್ತಿತ್ತು. ತೆಂಗಿನ ಮರಕ್ಕೆ ಕಟ್ಟಿದ ಹಾರ್ನಿನ ಸದ್ದು ಕೇಳಿಯೇ ಪಕ್ಕದ ಹಳ್ಳಿಯವರು ಇಲ್ಲಿ ಯಾರದೋ ಲಗ್ನ ಎಂದು ತಿಳಿಯುತ್ತಿದ್ದರು. ಟ್ರಾನ್ಸಿಸ್ಟರ್ ಸೆಟ್ಟುಗಳು ಬಂದವು, ಪೆಟ್ಟಿಗೆ ಅಟ್ಟ ಸೇರಿತು ಎನ್ನುವುದು ಊರಿನವರ ಲೆಕ್ಕ. ಮಾಲೀಕರಿಗೆ ‘ಮೈಕ್‌ಸೆಟ್ ಅಜ್ಜ’ ಎಂಬ ಹೆಸರು ಮಾತ್ರ ಉಳಿಯಿತು.

ಬೆಂಗಳೂರಿನಲ್ಲಿ ಓದುವ ಮೊಮ್ಮಗ ಬೇಸಿಗೆ ರಜೆಗೆ ಗಿಟಾರ್ ಹೆಗಲಿಗೇರಿಸಿಕೊಂಡು ಬಂದಿದ್ದ. ಪೆಟ್ಟಿಗೆಯ ಮುಚ್ಚಳ ತೆಗೆದವನೇ ಕುಣಿದಾಡಿದ. ‘ಅಜ್ಜಾ, ಇದು ಇಎಲ್84! ಬೀಟಲ್ಸ್‌ನವರ ವಾಕ್ಸ್ ಎಸಿ30ರಲ್ಲಿ ಇಂಥವೇ ನಾಲ್ಕು ಇದ್ದವು.’ ಈ ಪೆಟ್ಟಿಗೆಯಲ್ಲಿದ್ದದ್ದು ಎರಡು. ಗಾಜಿನ ಮೇಲೆ ಮಾಸಿದ ಬಿಇಎಲ್ ಗುರುತು. 1954ರಲ್ಲಿ ಹುಟ್ಟಿದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ನೆರವಿನಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತ್ತು. ನಮ್ಮ ನಾಡಿನ ವಾಲ್ವು, ಬೀಟಲ್ಸ್‌ನವರ ಬಳಗ! ಹುಡುಗ ವೈರು ಬಿಚ್ಚಿ ಗೋಡೆಯತ್ತ ನಡೆದ.

‘ಪ್ಲಗ್ ಹಾಕಬೇಡ!’

ಅಜ್ಜ ಹಾಗೆ ಕೂಗಿದ್ದನ್ನು ಮನೆಯವರು ಕೇಳಿಯೇ ಇರಲಿಲ್ಲ. ಅಡುಗೆಮನೆಯಿಂದ ಅಜ್ಜಿ ಸೌಟು ಹಿಡಿದೇ ಓಡಿಬಂದರು.

ಅಜ್ಜ ತೋರಿಸಿದ್ದು ಎರಡು ಪಿನ್ನಿನ ಪ್ಲಗ್ಗನ್ನು. ಆ ಕಾಲದ ಹಲವು ಸೆಟ್ಟುಗಳಂತೆ ಇದರಲ್ಲೂ ಗೊರಗೊರ ಸದ್ದು ತಗ್ಗಿಸಲು ಕರೆಂಟಿನ ತಂತಿಗೂ ತಗಡಿನ ಚಾಸಿಸ್‌ಗೂ ನಡುವೆ ಒಂದು ಕಂಡೆನ್ಸರ್ ಕೂತಿತ್ತು. ಅದು ಒಳಗೊಳಗೇ ಕೆಟ್ಟರೆ ಚಾಸಿಸ್ಸಿಗೇ ಕರೆಂಟು. ಚಾಸಿಸ್ಸಿನಿಂದ ಗಿಟಾರಿನ ವೈರಿಗೆ, ಅಲ್ಲಿಂದ ತಂತಿಗೆ, ತಂತಿಯಿಂದ ಬೆರಳಿಗೆ. ಮೈಕು ಜುಂ ಎಂದರೆ ಆಗೆಲ್ಲ ಪ್ಲಗ್ಗನ್ನು ತಿರುಗಿಸಿ ಹಾಕುವುದೇ ರಿಪೇರಿ.

ಮರುದಿನದಿಂದ ಪಡಸಾಲೆಯೇ ಪ್ರಯೋಗಶಾಲೆ. ಅಜ್ಜ ಮೊದಲು ಆ ಕಂಡೆನ್ಸರನ್ನು ಕಿತ್ತರು. ಮೂರು ಪಿನ್ನಿನ ವೈರು ಹಾಕಿ, ಹಸಿರು ತಂತಿಯನ್ನು ಚಾಸಿಸ್ಸಿಗೆ ಬೋಲ್ಟಿನಿಂದ ಬಿಗಿದರು. ‘ಮೂರನೇ ಪಿನ್ನು ಯಾಕೆ ಉದ್ದ ಹೇಳು?’ ಹುಡುಗ ತಡವರಿಸಿದ. ‘ಕರೆಂಟಿಗಿಂತ ಮುಂಚೆ ಅರ್ತ್ ಸೇರಲಿ ಅಂತ. ಹೊರಗೆ ಬರುವಾಗಲೂ ಅದೇ ಕೊನೆ.’ ಒಣಗಿದ ಫಿಲ್ಟರ್ ಕಂಡೆನ್ಸರುಗಳಿಗೆ ಬದಲು ಹೊಸವು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದವು.

ಆದರೆ ಅರ್ತಿನ ತಂತಿ ತಲುಪುವ ಮಣ್ಣೇ ಒಣಗಿದ್ದರೆ? ಕಡೂರು ಸೀಮೆ ಮಲೆನಾಡಿನ ಬೆನ್ನಿಗಿರುವ ಬಯಲು; ಮಳೆಯೆಲ್ಲ ಬೆಟ್ಟದ ಆಚೆಗೇ ಮುಗಿದಿರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ತೇವ ಆರಿದಂತೆ ಕರೆಂಟಿನ ದಾರಿಯೂ ಬಿಗಿಯಾಗುತ್ತದೆ. ಹಿತ್ತಲಿನ ಗುಂಡಿಯನ್ನು ಆಳ ಮಾಡಿ, ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದರು. ಸಾಲದೆಂದು ಮೀಟರ್ ಬೋರ್ಡಿನ ಪಕ್ಕ 30 ಮಿಲಿ ಆಂಪಿಯರ್ ಸೋರಿದರೇ ಕಡಿದುಕೊಳ್ಳುವ ಆರ್‌ಸಿಸಿಬಿ ಕೂತಿತು.

ಮೊದಲ ಸಲ ಸ್ವಿಚ್ ಹಾಕುವಾಗ ಅಜ್ಜ ಕರೆಂಟಿನ ದಾರಿಯಲ್ಲಿ ನೂರು ಕ್ಯಾಂಡಲಿನ ಬಲ್ಬನ್ನು ಸೀರೀಸ್‌ನಲ್ಲಿ ಕೊಟ್ಟರು. ಒಳಗೆ ಶಾರ್ಟಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಇದಕ್ಕೆ ತಂತಿಯ ಹಳೆಯ ಬಲ್ಬೇ ಬೇಕು, ಎಲ್‌ಇಡಿ ಬಾರದು. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಅಜ್ಜನ ಮುಖ ಬೆಳಗಿತು. ಬಲ್ಬನ್ನು ತೆಗೆದು ನೇರ ಕರೆಂಟು ಕೊಟ್ಟರು.

ಮೀಟರ್ ಹಿಡಿಯುವಾಗ ಅವರ ಎಡಗೈ ಬೆನ್ನ ಹಿಂದೆ. ಎರಡು ವಾಲ್ವಿಗೂ ಸೇರಿದ 130 ಓಮಿನ ರೆಸಿಸ್ಟರಿನ ಮೇಲೆ 9.1 ವೋಲ್ಟ್. ಹುಡುಗ ಲೆಕ್ಕ ಹಾಕಿದ: 70 ಮಿಲಿ ಆಂಪಿಯರ್, ಒಂದೊಂದರ ಪಾಲು 35. ವಾಲ್ವಿಗೆ 300 ವೋಲ್ಟ್, ಎಂದರೆ ಹತ್ತೂವರೆ ವ್ಯಾಟ್. ಇಎಲ್84 ತಾಳುವುದು 12. ‘ಹದವಾಗಿದೆ’ ಎಂದರು ಅಜ್ಜ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಹುಡುಗ ಕೈ ಹಾಕಲು ಬಿಡಲಿಲ್ಲ. ಕಂಡೆನ್ಸರಿನ ಹೊಟ್ಟೆಯಲ್ಲಿ ಉಳಿದ ಕರೆಂಟನ್ನು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಅಪ್ಪಣೆ.

ಆ ಸಂಜೆ ಕಟ್ಟೆಯ ಮೇಲೆ ಕೂತು ಹುಡುಗ ಕೇಳಿದ: ‘ಅಜ್ಜಾ, ಇಷ್ಟು ಯಾಕೆ ಹೆದರ್ತೀರಿ?’

ಅಜ್ಜ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಮಳೆ ಹನಿದ ಒಂದು ರಾತ್ರಿ ಭಜನೆಯಲ್ಲಿ ಹಾಡುವವನ ತುಟಿ ಮೈಕಿಗೆ ತಗುಲಿತ್ತು. ಪ್ಲಗ್ಗನ್ನು ತಿರುಗಿಸಿ ನೋಡುವುದನ್ನು ಅಜ್ಜ ಅಂದು ಮರೆತಿದ್ದರು. ಮನುಷ್ಯ ಉಳಿದ, ಆದರೆ ಮತ್ತೆ ಮೈಕಿನ ಮುಂದೆ ನಿಲ್ಲಲಿಲ್ಲ. ‘ಟ್ರಾನ್ಸಿಸ್ಟರ್ ಬಂತು ಅಂತ ಅಟ್ಟಕ್ಕೆ ಹಾಕಲಿಲ್ಲ ಮಗಾ. ಇದರ ಮುಖ ನೋಡೋಕೆ ಆಗ್ತಿರಲಿಲ್ಲ.’

ಮರುದಿನ ಸ್ಪೀಕರ್ ಜೋಡಿಸಿದ ಮೇಲೆ ಸ್ವಿಚ್ ಬಿತ್ತು. ವಾಲ್ವುಗಳು ಕೆಂಡದಂತೆ ಕಾದವು. ಗಿಟಾರಿನ ತಂತಿಗೂ ಅರ್ತಿಗೂ ಮೀಟರ್ ಹಿಡಿದು ಸೊನ್ನೆ ನೋಡಿದ ಅಜ್ಜ, ತಮ್ಮ ಕೈಯನ್ನೇ ಮೊದಲು ತಂತಿಯ ಮೇಲಿಟ್ಟರು. ಒಂದು ಗಳಿಗೆ ಹಾಗೇ ಇದ್ದು, ‘ಈಗ ಬಾರಿಸು’ ಎಂದರು.

ರಜೆ ಮುಗಿದು ಹುಡುಗ ಬೆಂಗಳೂರಿಗೆ ಹೋದ. ಪೆಟ್ಟಿಗೆ ಮತ್ತೆ ಅಟ್ಟ ಹತ್ತಲಿಲ್ಲ. ಅಜ್ಜ ದಿನಾ ಬೆಳಿಗ್ಗೆ ಅರ್ತಿನ ಗುಂಡಿಗೆ ಒಂದು ಬಿಂದಿಗೆ ನೀರು ಹೊಯ್ಯುತ್ತಾರೆ. ಗಿಡವಿಲ್ಲದ ಜಾಗಕ್ಕೆ ಯಾಕೆ ನೀರು ಎಂದು ಅಜ್ಜಿ ಗೊಣಗುತ್ತಲೇ ಇರುತ್ತಾರೆ.