ಜೀವಕೋಶಗಳ ಬೆಸುಗೆ ಮತ್ತು ಒಂದು ಕುಟುಂಬದ ನಿರ್ಣಯ

ನ್ಯೂಜಿಲೆಂಡಿನ ಉತ್ತರ ದ್ವೀಪದ ಬೇ ಆಫ್ ಪ್ಲೆಂಟಿ ಪ್ರಾಂತ್ಯದಲ್ಲಿ ನೆಲೆಸಿದ ಮಾವೋರಿ ಜನಾಂಗದ ಒಂದು ವಿಸ್ತಾರವಾದ ಕುಟುಂಬವು ಹಲವು ತಲೆಮಾರುಗಳಿಂದ ಒಂದೇ ವ್ಯಾಧಿಗೆ ತನ್ನವರನ್ನು ಕಳೆದುಕೊಳ್ಳುತ್ತ ಬಂದಿತ್ತು. ಮೂವತ್ತು ವರ್ಷಗಳ ಅವಧಿಯಲ್ಲಿ ಈ ಕುಟುಂಬದ ಸುಮಾರು 25 ಮಂದಿ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು. ಅವರಲ್ಲಿ ಅನೇಕರು ಇನ್ನೂ ಯೌವನದಲ್ಲಿದ್ದವರು. ಎಲ್ಲರಿಗಿಂತ ಕಿರಿಯ ವ್ಯಕ್ತಿಯ ವಯಸ್ಸು 14. ಹೀಗೆ ಜಠರದ ಕ್ಯಾನ್ಸರು ಮನೆತನದಲ್ಲಿಯೇ ಹರಿದು ಬರುವ ವಿಷಯವನ್ನು ಆ ದೇಶದ ವೈದ್ಯಕೀಯ ಪತ್ರಿಕೆಯು 1964ರಲ್ಲಿಯೇ ಪ್ರಕಟಿಸಿತ್ತು. ಆದರೆ ಕಾರಣವನ್ನು ಬಲ್ಲವರಿರಲಿಲ್ಲ. ಕುಟುಂಬದ ಕೆಲವು ಹಿರಿಯರು ಇದನ್ನು 'ಮಾಕುಟು', ಎಂದರೆ ಶಾಪ, ಎಂದೇ ನಂಬಿದ್ದರು. ಪೂರ್ವಿಕರ ಯಾವುದೋ ಅಪಚಾರದ ಫಲವನ್ನು ಮೊಮ್ಮಕ್ಕಳು ಉಣ್ಣುತ್ತಿದ್ದಾರೆಂಬ ಭಾವನೆ ಅದು. ಅದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ವೈದ್ಯಶಾಸ್ತ್ರವು ಬೇರೆ ಉತ್ತರವನ್ನು ಕೊಡಲಾರದೆ ಇದ್ದಾಗ, ದುಃಖಕ್ಕೆ ಒಂದು ಅರ್ಥವನ್ನಾದರೂ ಕಂಡುಕೊಳ್ಳಲು ಬಯಸಿದವರನ್ನು ಹಳಿಯುವುದು ನ್ಯಾಯವಲ್ಲ.

ಈ ವ್ಯಾಧಿಯ ಮೂಲವನ್ನು ತಿಳಿಯಬೇಕಾದರೆ ದೇಹವು ಹೇಗೆ ಒಂದಾಗಿ ನಿಂತಿದೆಯೆಂಬುದನ್ನು ನೋಡಬೇಕು. ಅಸಂಖ್ಯಾತ ಜೀವಕೋಶಗಳು ಚದುರಿಹೋಗದೆ ಒಂದಕ್ಕೊಂದು ಅಂಟಿಕೊಂಡಿರುವುದಕ್ಕೆ ಕೆಲವು ಪ್ರೋಟೀನುಗಳು ಕಾರಣ. ಅವುಗಳಲ್ಲಿ ಮುಖ್ಯವಾದ ಒಂದನ್ನು ಶೋಧಿಸಿದವರು ಜಪಾನಿನ ಮಸಾತೋಶಿ ತಾಕೇಚಿ. 1970ರ ದಶಕದಲ್ಲಿ ಅವರು ಕ್ಯೋಟೋದಿಂದ ಅಮೆರಿಕದ ಬಾಲ್ಟಿಮೋರಿನ ಕಾರ್ನೆಗಿ ಸಂಸ್ಥೆಗೆ ಸಂಶೋಧನೆಗಾಗಿ ಹೋದರು. ಕ್ಯೋಟೋದಲ್ಲಿ ಬಿಡಿಬಿಡಿಯಾಗಿ ಮಾಡಿದ ಕೋಶಗಳು ಬಹುಬೇಗ ಮತ್ತೆ ಗುಂಪುಗೂಡುತ್ತಿದ್ದವು. ಬಾಲ್ಟಿಮೋರಿನಲ್ಲಿ ಅವು ಕೂಡಲೊಲ್ಲವು. ವ್ಯತ್ಯಾಸ ಕೋಶಗಳಲ್ಲಿರಲಿಲ್ಲ, ಅವನ್ನು ಬಿಡಿಸಲು ಬಳಸುತ್ತಿದ್ದ ದ್ರಾವಣದಲ್ಲಿತ್ತು. ಬಾಲ್ಟಿಮೋರಿನ ದ್ರಾವಣದಲ್ಲಿ ಕ್ಯಾಲ್ಸಿಯಮ್ಮನ್ನು ಹೀರಿಬಿಡುವ ರಾಸಾಯನಿಕವೊಂದು ಸೇರಿತ್ತು. ಕ್ಯಾಲ್ಸಿಯಂ ಇಲ್ಲದಾಗ ಅಂಟಿನ ಪ್ರೋಟೀನು ರಕ್ಷಣೆ ಕಳೆದುಕೊಂಡು ನಾಶವಾಗುತ್ತಿತ್ತು. ಇಂತಹ ಅಲ್ಪ ವಿವರವನ್ನು ಕೈತಪ್ಪೆಂದು ಬದಿಗಿಡುವವರೇ ಹೆಚ್ಚು. ತಾಕೇಚಿ ಅದನ್ನು ಬಿಡಲಿಲ್ಲ. ಕ್ಯಾಲ್ಸಿಯಮ್ಮನ್ನು ಅವಲಂಬಿಸಿ ಅಂಟುವ ಈ ವಸ್ತುವಿಗೆ 1984ರಲ್ಲಿ ಕ್ಯಾಡ್ಹೆರಿನ್ ಎಂಬ ಹೆಸರು ಬಂದಿತು. ಯೂರೋಪಿನಲ್ಲಿ ರಾಲ್ಫ್ ಕೆಮ್ಲರ್ ಬೇರೊಂದು ದಾರಿಯಿಂದ ಇದೇ ಪ್ರೋಟೀನನ್ನು ತಲುಪಿದ್ದರು. ಇಬ್ಬರಿಗೂ ಒಟ್ಟಾಗಿ 2020ರಲ್ಲಿ ಕೆನಡಾದ ಗೇರ್ಡ್ನರ್ ಪ್ರಶಸ್ತಿ ದೊರೆಯಿತು.

ದೇಹದ ಒಳಹೊರ ಮೈಗಳನ್ನು ಹೊದೆಸಿರುವ ಪದರಗಳಲ್ಲಿ ಕೆಲಸಮಾಡುವುದು ಇ-ಕ್ಯಾಡ್ಹೆರಿನ್. ಅದನ್ನು ರಚಿಸುವ ಆದೇಶವು 16ನೆಯ ವರ್ಣತಂತುವಿನಲ್ಲಿರುವ ಸಿಡಿಎಚ್1 ಎಂಬ ಜೀನಿನಲ್ಲಿ ಅಡಗಿದೆ. ಈ ಪ್ರೋಟೀನಿನ ಐದು ಖಂಡಗಳು ಕೋಶದ ಹೊರಗೆ ಚಾಚಿರುತ್ತವೆ. ಖಂಡಖಂಡಗಳ ನಡುವೆ ಕ್ಯಾಲ್ಸಿಯಂ ಕುಳಿತು ಅವುಗಳಿಗೆ ಬಿಗಿಯನ್ನು ಕೊಡುತ್ತದೆ. ತುದಿಯ ಖಂಡವು ನೆರೆಯ ಕೋಶದಿಂದ ಚಾಚಿಬಂದ ತನ್ನಂತಹುದೇ ಖಂಡವನ್ನು ಹಿಡಿದುಕೊಳ್ಳುತ್ತದೆ. ಕೋಶದ ಒಳಗಿರುವ ಬಾಲವಾದರೋ ಕೆಟೆನಿನ್ ಎಂಬ ಪ್ರೋಟೀನುಗಳ ಮೂಲಕ ಕೋಶದ ಒಳಗಿನ ಆಕ್ಟಿನ್ ಎಳೆಗಳಿಗೆ ಕಟ್ಟಿಕೊಂಡಿರುತ್ತದೆ. ಹೀಗೆ ಒಂದು ಕೋಶದ ಒಳಕಟ್ಟು ಇನ್ನೊಂದರ ಒಳಕಟ್ಟಿನೊಡನೆ ಹೆಣೆದುಕೊಳ್ಳುತ್ತದೆ. ಇಲಿಯ ಭ್ರೂಣವು ಕೇವಲ ಎಂಟು ಕೋಶಗಳಷ್ಟಿರುವಾಗ ಆ ಸಡಿಲವಾದ ಗೋಲಿಗಳು ಒತ್ತಿಕೊಂಡು ಒಂದು ಮುದ್ದೆಯಾಗುವುದೂ ಇದರಿಂದಲೇ.

ಇನ್ನು ಆ ಕುಟುಂಬದ ವಿಷಯಕ್ಕೆ ಬರಬಹುದು. 1990ರ ದಶಕದ ಮಧ್ಯದಲ್ಲಿ, ದಾದಿಯಾಗಿ ಕೆಲಸಮಾಡಿದ್ದ ಆ ಕುಟುಂಬದ ಹೆಣ್ಣುಮಗಳೊಬ್ಬರು ಒಟಾಗೋ ವಿಶ್ವವಿದ್ಯಾಲಯದ ಸಂಶೋಧಕರನ್ನು ತಾವಾಗಿಯೇ ಸಂಪರ್ಕಿಸಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕುಟುಂಬದವರು ರಕ್ತವನ್ನು ಕೊಟ್ಟು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಮಾವೋರಿಗಳಲ್ಲಿ 'ಫಕಪಪ' ಎಂಬ ವಂಶಾವಳಿಯನ್ನು ತಲೆಮಾರುಗಳಿಂದ ಜೋಪಾನಮಾಡುವ ಪದ್ಧತಿಯಿದೆ. ಅದನ್ನು ಅಪರಿಚಿತರ ಮುಂದೆ ಬಿಚ್ಚಿಡುವುದು ಸಣ್ಣ ಮಾತಲ್ಲ. ಆದುದರಿಂದ ಸಂಶೋಧಕರೂ ಕುಟುಂಬದವರೂ ಮೊದಲೇ ಕುಳಿತು ಒಪ್ಪಂದ ಮಾಡಿಕೊಂಡು, ಪಾಲುದಾರರಾಗಿ ಕೆಲಸಮಾಡಿದರು. 1998ರ ಮಾರ್ಚ್ ತಿಂಗಳಲ್ಲಿ ಪ್ಯಾರಿ ಗಿಲ್‌ಫರ್ಡ್ ಮತ್ತು ಸಂಗಡಿಗರ ಲೇಖನವು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದಾಗ, ಲೇಖಕರ ಸಾಲಿನಲ್ಲಿ ಕುಟುಂಬದ ಸದಸ್ಯರ ಹೆಸರುಗಳೂ ಇದ್ದವು. ಬಡಜನರ ರಕ್ತವನ್ನೂ ಅಂಗಾಂಶವನ್ನೂ ಕೇಳದೆಯೇ ಒಯ್ದ ಉದಾಹರಣೆಗಳು ವೈದ್ಯಕೀಯ ಚರಿತ್ರೆಯಲ್ಲಿ ಕಡಮೆಯೇನಿಲ್ಲ. ಅವುಗಳ ಪಕ್ಕದಲ್ಲಿಟ್ಟು ನೋಡಿದಾಗ ಈ ಸೌಜನ್ಯದ ಬೆಲೆ ತಿಳಿಯುತ್ತದೆ.

ದೊರೆತ ಉತ್ತರ ಇಷ್ಟೇ: ಸಿಡಿಎಚ್1 ಜೀನಿನ ದೀರ್ಘ ಲಿಪಿಯಲ್ಲಿ ಒಂದು ಅಕ್ಷರ ಬದಲಾಗಿತ್ತು, ಜಿ ಇರಬೇಕಾದಲ್ಲಿ ಟಿ ಇತ್ತು. ಅದರಿಂದ ಪ್ರೋಟೀನು ಅರ್ಧಕ್ಕೇ ತುಂಡಾಗುತ್ತಿತ್ತು. ತಂದೆತಾಯಿಗಳಿಂದ ಒಂದೊಂದರಂತೆ ಬಂದ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಮತ್ತೊಂದು ಕೆಲಸವನ್ನು ತೂಗಿಸುತ್ತದೆ. ಜಠರದ ಯಾವುದೋ ಒಂದು ಕೋಶದಲ್ಲಿ ಆ ಎರಡನೆಯದೂ ಮೌನವಾದರೆ, ಆ ಕೋಶವು ನೆರೆಯವರ ಹಿಡಿತದಿಂದ ಕಳಚಿಕೊಂಡು ಪದರದ ಕೆಳಗೆ ಜಾರುತ್ತದೆ. ಅಲ್ಲಿ ಗಡ್ಡೆ ಕಟ್ಟದೆ, ಬಿಡಿಬಿಡಿಯಾಗಿ ಹರಡುವುದೇ ಈ ಕ್ಯಾನ್ಸರಿನ ಲಕ್ಷಣ. ಮೇಲಿನ ಪದರ ನಯವಾಗಿಯೇ ಇರುವುದರಿಂದ ಎಂಡೋಸ್ಕೋಪಿಯ ಕಣ್ಣಿಗೂ ಅದು ಅನೇಕ ವೇಳೆ ಬೀಳುವುದಿಲ್ಲ.

ಕಾರಣ ತಿಳಿದಾಗ ಶಾಪದ ಭಾರ ಇಳಿಯಿತು. ಆದರೆ ಆ ಜಾಗದಲ್ಲಿ ಬೇರೊಂದು ಭಾರ ಬಂದು ಕುಳಿತಿತು. ಕೆಟ್ಟ ಪ್ರತಿಯನ್ನು ಹೊತ್ತ ತಂದೆಯಿಂದಾಗಲಿ ತಾಯಿಯಿಂದಾಗಲಿ ಅದು ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಪರೀಕ್ಷೆಯಲ್ಲಿ 'ಇದೆ' ಎಂದು ತಿಳಿದ ಇಪ್ಪತ್ತರ ಪ್ರಾಯದ, ಯಾವ ನೋವೂ ಇಲ್ಲದ ತರುಣನ ಮುಂದೆ ವೈದ್ಯರು ಇಡುವ ಮುಖ್ಯ ಮಾರ್ಗ, ಇಡೀ ಜಠರವನ್ನು ತೆಗೆಸಿಕೊಳ್ಳುವುದು. ಆ ಬಳಿಕ ಅವನು ಸ್ವಲ್ಪಸ್ವಲ್ಪವಾಗಿ, ದಿನಕ್ಕೆ ಹಲವು ಬಾರಿ ಉಣ್ಣಬೇಕು. ದೇಹದ ತೂಕ ಇಳಿಯುತ್ತದೆ. ವಿಟಮಿನ್ ಬಿ12 ಅನ್ನು ಜೀವನಪರ್ಯಂತ ಹೊರಗಿನಿಂದ ಪಡೆಯಬೇಕು. ಹೆಣ್ಣುಮಕ್ಕಳಿಗೆ ಸ್ತನದ ಒಂದು ಬಗೆಯ ಕ್ಯಾನ್ಸರಿನ ಭಯವೂ ಇದೆ.

ಆರೋಗ್ಯವಂತನ ಅಂಗವನ್ನು ಕತ್ತರಿಸುವುದು ಸರಿಯೇ? ಅಂಕೆಗಳೂ ಸ್ಥಿರವಾಗಿ ನಿಂತಿಲ್ಲ. 2015ರಲ್ಲಿ ಪ್ರಕಟವಾದ ಅಂದಾಜಿನಂತೆ ಇಂತಹ ಪುರುಷರಲ್ಲಿ ಶೇಕಡ 70, ಸ್ತ್ರೀಯರಲ್ಲಿ ಶೇಕಡ 56 ಮಂದಿಗೆ ಜಠರದ ಕ್ಯಾನ್ಸರು ಬರಬಹುದಾಗಿತ್ತು. 2019ರ ಅಧ್ಯಯನಗಳು ಇದನ್ನು ಬಹಳ ಕೆಳಗಿಳಿಸಿ, ಪುರುಷರಲ್ಲಿ ಶೇಕಡ 40ರ ಆಸುಪಾಸಿನಲ್ಲಿ ನಿಲ್ಲಿಸಿದವು. ತೆಗೆದ ಜಠರಗಳನ್ನು ಸೂಕ್ಷ್ಮವಾಗಿ ನೋಡಿದಾಗ ಬಹುತೇಕ ಎಲ್ಲದರಲ್ಲಿಯೂ ರೋಗದ ಸಣ್ಣ ಚುಕ್ಕೆಗಳು ಕಂಡವು ನಿಜ. ಆದರೆ ಅಂತಹ ಚುಕ್ಕೆಗಳಲ್ಲಿ ಅನೇಕವು ವರ್ಷಗಟ್ಟಲೆ ಬೆಳೆಯದೆ ಇರುವುದೂ ಉಂಟು. ಹೀಗಿರುವಾಗ ಶಸ್ತ್ರಚಿಕಿತ್ಸೆಗೆ ಒಪ್ಪಿದವನನ್ನು ಹೇಡಿಯೆಂದಾಗಲಿ, ಒಪ್ಪದವನನ್ನು ಹಟಮಾರಿಯೆಂದಾಗಲಿ ಕರೆಯುವ ಅಧಿಕಾರ ಯಾರಿಗೂ ಇಲ್ಲ. ಅಣ್ಣತಂಗಿಯರನ್ನು ಮಣ್ಣುಮಾಡಿದ ಮನೆಯಲ್ಲಿ ಶೇಕಡ 40 ಎಂಬ ಅಂಕಿಯ ತೂಕವೇ ಬೇರೆ.

ಇನ್ನೂ ಕಠಿನವಾದ ಪ್ರಶ್ನೆ ತಿಳಿಸುವಿಕೆಯದು. ಒಬ್ಬನ ಜೀನಿನ ಸುದ್ದಿ ಅವನ ಅಕ್ಕತಮ್ಮಂದಿರ, ದಾಯಾದಿಗಳ ಸುದ್ದಿಯೂ ಹೌದು. ತಾನು ತಿಳಿದುಕೊಳ್ಳಲು ಬಯಸದವನಿಗೆ ಆ ಹಕ್ಕಿದೆ. ತಿಳಿದವನು ಬಂಧುಗಳಿಂದ ಮುಚ್ಚಿಡುವುದಕ್ಕೆ ಮಾತ್ರ ಅದೇ ಹಕ್ಕನ್ನು ಮುಂದೊಡ್ಡಲಾಗದು. ಮದುವೆಯ ಮಾತುಕತೆ ಮುರಿದೀತೆಂದು ಅಜ್ಜಿ ಸತ್ತ ಕಾಯಿಲೆಯ ಹೆಸರನ್ನೇ ಮೊಮ್ಮಕ್ಕಳಿಗೆ ಹೇಳದ ಮನೆಗಳು ಭಾರತದಲ್ಲಿಯೂ ವಿರಳವಲ್ಲ. ಮಾವೋರಿ ಕುಟುಂಬದವರು ಮೌನವನ್ನು ಮುರಿದರು. ಟೌರಂಗಾದ ಬಳಿ ತಮ್ಮದೇ ಚಿಕಿತ್ಸಾಲಯವನ್ನೂ ತೆರೆದರು. ಪರೀಕ್ಷೆಯಲ್ಲಿ ಪಾರಾದವರೂ ನಿರಾಳವಾಗಿರಲಾರರು. ತಮ್ಮನಿಗೆ ಬಂದದ್ದು ತನಗೇಕೆ ಬರಲಿಲ್ಲವೆಂಬ ಸಂಕಟ ಅಂಥವರನ್ನು ಕಾಡುವುದುಂಟು. ತನ್ನಿಂದಲೇ ಮಗುವಿಗೆ ಬಂದಿತೆಂದು ಕೊರಗುವ ತಾಯಿಗೆ, ಅರಿವಿಲ್ಲದೆ, ಇಚ್ಛೆಯಿಲ್ಲದೆ ಕೊಟ್ಟದ್ದರಲ್ಲಿ ದೋಷವಿಲ್ಲವೆಂದು ಎಷ್ಟು ಸಲ ಹೇಳಬೇಕಾಗುವುದೋ.

ಶಸ್ತ್ರಚಿಕಿತ್ಸೆಯನ್ನು ಬೇಡವೆಂದವರಿಗೂ ಮುಂದೂಡಿದವರಿಗೂ ವರ್ಷಕ್ಕೊಮ್ಮೆ ಎಂಡೋಸ್ಕೋಪಿ ನಡೆಯುತ್ತದೆ. ಒಂದು ಸಲಕ್ಕೆ ಸುಮಾರು 30 ಕಡೆಗಳಿಂದ ಚೂರುಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಇ-ಕ್ಯಾಡ್ಹೆರಿನ್ ಕಳೆದುಕೊಂಡ ಕೋಶಗಳನ್ನು ಮಾತ್ರ ಆರಿಸಿ ಕೊಲ್ಲಬಲ್ಲ ಔಷಧಿಗಾಗಿ ಗಿಲ್‌ಫರ್ಡ್ ಅವರ ತಂಡವು ಒಟಾಗೋದಲ್ಲಿ ಶೋಧ ನಡೆಸಿದೆ.