ಮೆಕ್ಕೆಜೋಳ ಕುಡಿಯುವ ಬೈಕು

ಜಗಳೂರು ಸೀಮೆಯ ರೈತನು ಮಳೆಯನ್ನು ನಂಬಿ ಮೆಕ್ಕೆಜೋಳ ಬೆಳೆಯುತ್ತಾನೆ. ಹಳೆಯ ಬೈಕೊಂದನ್ನೂ ಸಾಕಿಕೊಂಡಿರುತ್ತಾನೆ. ದನಕ್ಕೆ ಮೇವು, ಬೈಕಿಗೆ ಪೆಟ್ರೋಲು ಎಂಬುದು ಅವನು ಬಲ್ಲ ಲೆಕ್ಕ. ತಾನು ಬೆಳೆದ ಕಾಳನ್ನು ಒಂದು ದಿನ ಬೈಕೂ ಕುಡಿದೀತೆಂದು ಅವನು ಎಣಿಸಿದವನಲ್ಲ.

ಆ ದಿನ ಬಂದಿದೆ. ಕಬ್ಬಿನಿಂದಲೂ ಮೆಕ್ಕೆಜೋಳದಿಂದಲೂ ತಯಾರಾದ ಎಥೆನಾಲ್ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಬೆರೆಯಿತು. ಚನ್ನಗಿರಿಯ ಅಡಿಕೆ ಬೆಳೆಗಾರನ ಕಾರಿಗೂ, ಹೊನ್ನಾಳಿ-ನ್ಯಾಮತಿಗಳ ನಡುವೆ ದಿನವೂ ಓಡಾಡುವ ನೌಕರನ ಸ್ಕೂಟರಿಗೂ ಅದೇ ಪಾನ. ಲೀಟರಿಗೆ ಎಷ್ಟು ಓಡುತ್ತದೆಂಬುದೇ ಎಲ್ಲರ ಪ್ರಶ್ನೆ.

ಉತ್ತರ ಗುಟ್ಟಿನದಲ್ಲ. ಒಂದು ಲೀಟರ್ ಎಥೆನಾಲಿನ ಶಕ್ತಿ ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಹಳೆಯ ಮಾದರಿಯ ದ್ವಿಚಕ್ರ ವಾಹನಗಳ ಮೈಲೇಜ್ ನೂರಕ್ಕೆ 3-4ರಷ್ಟು, ಕಾರುಗಳದು 6-7ರಷ್ಟು ತಗ್ಗೀತೆಂದು 2021ರ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ಲೀಟರಿಗೆ 50 ಕಿಲೋಮೀಟರ್ ಓಡುತ್ತಿದ್ದ ಬೈಕು 48ಕ್ಕೆ ಇಳಿದರೆ, ತಿಂಗಳಿಗೆ 1000 ಕಿಲೋಮೀಟರ್ ಸುತ್ತುವವನು ಮುಕ್ಕಾಲು ಲೀಟರಿಗೂ ತುಸು ಹೆಚ್ಚು ಕೊಳ್ಳಬೇಕು. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೂ 80 ರೂಪಾಯಿ ಮೀರಿತು.

ಈ ಹಣ ಚೀಲದ ಬೆಲೆಯಾಗಿ ಮನೆಗೆ ಮರಳುವುದಾದರೆ ಜಗಳೂರಿನವನು ನಗುತ್ತಲೇ ತೆತ್ತಾನು. ಆದರೆ 2025ರ ಸುಗ್ಗಿಯಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2400 ರೂಪಾಯಿ ಇದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿಯಿತು. ಮಾರುವಾಗ ಒಮ್ಮೆ, ಬಂಕಿನಲ್ಲಿ ಇನ್ನೊಮ್ಮೆ, ಒಂದೇ ಬೆಳೆಗೆ ಅವನು ಎರಡು ಸಲ ತೆತ್ತನು. ಬೈಕು ಮಾತ್ರ ಕುಡಿದು ಸುಮ್ಮನೆ ನಿಂತಿತ್ತು.