ಅಠಾರ ಕಚೇರಿಯ ಕಂಬಗಳು

ಗಂಗಾನಗರದ ಗೃಹಸ್ಥರಿಗೆ ಸ್ಯಾಂಕಿಯೆಂಬ ಹೆಸರು ಪರಿಚಿತವಾದುದು ೧೮೮೨ರಲ್ಲಿ ನಿರ್ಮಿತವಾದ ಕೆರೆಯಿಂದ. ಆದರೆ ಕರ್ನಲ್ ರಿಚರ್ಡ್ ಸ್ಯಾಂಕಿಯ ಕೀರ್ತಿಗೆ ಅದಕ್ಕಿಂತ ಹಿರಿದಾದ ಆಧಾರವೊಂದು ಕಬ್ಬನ್ ಉದ್ಯಾನದ ಅಂಚಿನಲ್ಲಿ ಕೆಂಬಣ್ಣದಿಂದ ಶೋಭಿಸುತ್ತಿರುವುದು. ಅದೇ ಅಠಾರ ಕಚೇರಿ.

೧೮೩೧ರಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಆಂಗ್ಲ ಕಮಿಷನರುಗಳ ವಶವಾದ ತರುವಾಯ ಅವರ ದಫ್ತರವು ಬಹುಕಾಲ ಟಿಪ್ಪುವಿನ ಮರದ ಅರಮನೆಯಲ್ಲಿದ್ದಿತು. ಸೋತವನ ಮನೆಯಲ್ಲಿ ಕುಳಿತು ಗೆದ್ದವರು ಲೆಕ್ಕ ಬರೆದರು! ಸ್ಥಳವು ಸಾಲದಾಗಲು ೧೮೬೪ರಲ್ಲಿ ಹೊಸ ಕಟ್ಟಡವು ಆರಂಭವಾಗಿ ೧೮೬೮ರಲ್ಲಿ ಮುಗಿಯಿತು. ಹದಿನೆಂಟು ಇಲಾಖೆಗಳು ಅಲ್ಲಿಗೆ ಬಂದು ನೆಲಸಿದವು. ಉರ್ದುವಿನಲ್ಲಿ ಅಠಾರ ಎಂದರೆ ಹದಿನೆಂಟು. ಭಾರತದ ಪರ್ವಗಳೂ ಅಷ್ಟೇ. ಇಲ್ಲಿಯ ಕಥೆ ಮಾತ್ರ ಕಂದಾಯದ್ದು.

ಈ ಸೌಧದ ಕಂಬಗಳ ಬೋದಿಗೆಯಲ್ಲಿ ಇಕ್ಕೆಲಕ್ಕೂ ಸುರುಳಿಯಿರುವುದು. ಇದು ಗ್ರೀಕರ ಅಯೋನಿಯ ಶೈಲಿ. ಅವರು ಇಂತಹ ಕಂಬಗಳನ್ನು ದೇವತೆಗಳ ಆಲಯಗಳಿಗೆ ನಿಲ್ಲಿಸಿದರು. ಬೆಂಗಳೂರಿನಲ್ಲಿ ಅವು ಅರ್ಜಿದಾರನಿಗೆ ನೆರಳಾದವು. ದಂಡಿನ ಪ್ರದೇಶದ ಕವಾಯತು ಮೈದಾನದ ಪೂರ್ವಕ್ಕೆ ಸೈನಿಕರಿಗಾಗಿ ೧೮೫೧ರಲ್ಲಿ ಮುಗಿದ ಟ್ರಿನಿಟಿ ಚರ್ಚು ಕೂಡ ಪ್ರಾಚೀನ ಗ್ರೀಕ್-ರೋಮನ್ ಸಂಪ್ರದಾಯವನ್ನೇ ಅನುಸರಿಸಿದ್ದಿತು. ಆದರೆ ಅಠಾರ ಕಚೇರಿ ಏಳುತ್ತಿದ್ದ ವರ್ಷಗಳಲ್ಲಿಯೇ, ೧೮೬೪ರಿಂದ ೧೮೬೬ರವರೆಗೆ, ಸ್ಕಾಟ್ಲೆಂಡಿನವರು ಕಟ್ಟಿದ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ ಚೂಪು ಕಮಾನು, ಕೆಂಪಿಟ್ಟಿಗೆಯ ಗೋಪುರ, ಬಣ್ಣದ ಗಾಜು ಕಾಣಿಸಿದವು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಗಾಥಿಕ್ ಶೈಲಿಯೇ ಕ್ರೈಸ್ತಾರಾಧನೆಗೆ ಉಚಿತವೆಂಬ ಮತವು ಪ್ರಬಲವಾಗಿದ್ದಿತು. ಹೀಗೆ ಹದಿನೈದು ವರ್ಷಗಳ ಅಂತರದಲ್ಲಿ ಇಲ್ಲಿಯ ಪ್ರಾರ್ಥನೆಯ ಮನೆಯೊಂದು ತೊರೆದ ಕಂಬಗಳನ್ನು ಸರ್ಕಾರವು ಕೈಹಿಡಿದು ಕಾಪಾಡಿತೆನ್ನಬೇಕು. ರಚನಾಸೌಷ್ಠವದಲ್ಲಿ ಕಚೇರಿಯೇ ಮೇಲು. ಆಂಡ್ರೂಸ್ ಗೋಪುರದಲ್ಲಿ ಪರದೇಶದ ಮಂಜಿನ ನೆನಪು ಹೆಚ್ಚು, ನಮ್ಮ ಬಿಸಿಲಿನ ಪರಿವೆ ಕಡಮೆ.

೧೯೫೬ರಲ್ಲಿ ಎದುರಿಗೆ ವಿಧಾನಸೌಧವು ದ್ರಾವಿಡ ಶಿಲ್ಪದ ಠೀವಿಯಿಂದ ಪೂರ್ಣವಾದ ಮೇಲೆ ಹಳೆಯ ಕಟ್ಟಡವು ಕೆಲವರ ಕಣ್ಣಿಗೆ ಹೊರೆಯಾಗಿ ಕಂಡಿತೋ ಏನೋ. ಅದರಲ್ಲಿ ಉಚ್ಚ ನ್ಯಾಯಾಲಯವು ನಡೆಯುತ್ತಿದ್ದಾಗಲೇ, ೧೯೮೨ರಲ್ಲಿ, ಅದನ್ನು ಕೆಡವುವ ನಿಶ್ಚಯವಾಯಿತು. ನಾಗರಿಕರು ಮೊರೆಹೋದದ್ದು ಅದೇ ನ್ಯಾಯಾಲಯಕ್ಕೆ. ತನ್ನ ಅಳಿವು ಉಳಿವಿನ ವಾದವನ್ನು ತನ್ನದೇ ಮಾಡಿನ ಕೆಳಗೆ ಕೇಳುವ ಯೋಗ ಯಾವ ಕಟ್ಟಡಕ್ಕೆ ಒದಗೀತು? ಕಡೆಗೆ ಗುದ್ದಲಿ ಬೀಳಲಿಲ್ಲ. ಕರಿಯ ನಿಲುವಂಗಿಯ ವಕೀಲರು ಇಂದಿಗೂ ಆ ಸುರುಳಿಗಂಬಗಳ ನಡುವೆ ಕಡತಗಳನ್ನು ಹಿಡಿದು ಓಡಾಡುತ್ತಿರುವರು.